ಒದ್ದೆ ಕಟ್ಟಿಗೆ ಎಲ್ಲಿದೆ?

(ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ತುಳುವನ್ನು ಕನ್ನಡಕ್ಕೆ ತಂದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷದಲ್ಲಿ ಹೇಳಿದ್ದನ್ನು ನೆನಪಿನಿಂದ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆಯುವಾಗ ಪ್ರಿನ್ಸಿಪಾಲರು ಮುಚ್ಚುಮರೆ ಮಾಡಲಿಲ್ಲ. "ತತ್ವಶಾಸ್ತ್ರ ಓದಿದರೆ ಹೊಟ್ಟೆ ತುಂಬ್ತದಾ ಅಂತ ಹೆತ್ತವರು ಕೇಳ್ತಾರೆ ಸಾರ್. ನಾವು ಮಾಸ್ಟ್ರುಗಳು ಎಂತ ಹೇಳಿದರೂ ಸೀಟು ತುಂಬಿಸಲಿಕ್ಕೆ ಹೇಳುದು ಅಂತ ಎಣಿಸ್ತಾರೆ. ನೀವು ಬ್ಯಾಂಕಿನವರು, ನೀವು ಹೇಳಿದರೆ ಕೇಳಿಯಾರು" ಎಂದರು. ಆಗಲಿ ಎಂದೆ. ಆದರೆ ಸೀಟು ತುಂಬಿಸುವ ಜವಾಬ್ದಾರಿ ನನ್ನದಲ್ಲ ಎಂದೂ ಹೇಳಿದ್ದೇನೆ. ಇವತ್ತು ನನ್ನ ಮಾತು ಕೇಳಿ ಯಾರಾದರೂ ಬಿಕಾಂಗೆ ಅರ್ಜಿ ಹಾಕಿದರೆ ಅವರು ಬೇಜಾರು ಮಾಡಿಕೊಳ್ಳಬಾರದು.

ನಾನು ಬಿಎ ಓದಿದ್ದು ಮೈಸೂರಿನಲ್ಲಿ, ಎಪ್ಪತ್ತರ ದಶಕದ ಕೊನೆಗೆ. ತತ್ವಶಾಸ್ತ್ರ ಮುಖ್ಯ ವಿಷಯ. ಅಂಕಪಟ್ಟಿ ಹಿಡಿದು ಊರಿಗೆ ಬಂದಾಗ ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಕೈ ಒರೆಸಿಕೊಂಡು ಪಟ್ಟಿ ತೆಗೆದುಕೊಂಡರು. ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಏನಾದರೂ ಬರೆದಿರಬಹುದು ಎನ್ನುವ ಹಾಗೆ. ಆಮೇಲೆ ಕೇಳಿದರು: "ತತ್ವ ಸರಿ. ತಟ್ಟೆಗೆ ಎಂತ?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. 1981ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ, ಮೂವತ್ತೇಳು ವರ್ಷ ದುಡಿದೆ, ಮ್ಯಾನೇಜರನಾಗಿ ನಿವೃತ್ತನಾದೆ. ನಾನು ಸೇರಿದ ಬ್ಯಾಂಕಿನ ಬೋರ್ಡು ಇವತ್ತು ಯಾವ ಕಟ್ಟಡದ ಮೇಲೂ ಇಲ್ಲ, ದೊಡ್ಡ ಬ್ಯಾಂಕಿನ ಹೊಟ್ಟೆ ಸೇರಿದೆ. ಬೋರ್ಡು ಹೋದರೂ ಪೆನ್ಶನ್ ಬರುತ್ತದೆ. ಅಪ್ಪನ ಪ್ರಶ್ನೆಗೆ ಅದೇ ಉತ್ತರ ಎಂದುಕೊಂಡು ಇಲ್ಲಿಗೇ ಮಾತು ಮುಗಿಸಿ ಕೂತುಕೊಳ್ಳಬಹುದು. ಆದರೆ ಅದು ಉತ್ತರವಲ್ಲ. ಯಾಕಲ್ಲ ಎಂದು ಹೇಳಬೇಕಾದರೆ ಒಂದು ಸಣ್ಣ ತರ್ಕದ ಪಾಠ ಮಾಡಬೇಕು. ಹೆದರಬೇಡಿ, ಒಲೆಯ ವಿಷಯ.

ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಉಂಟು. ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಕಲಿಯಲು ಕೂತವರಿಗೆಲ್ಲ ಮೊದಲು ಹೇಳಿಕೊಡುವ ಅನುಮಾನ ಇದು. ಅನುಮಾನ ಎಂದರೆ ಇಲ್ಲಿ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಇದನ್ನೇ ತಿರುಗಿಸಿ: ಗುಡ್ಡದ ಮೇಲೆ ಬೆಂಕಿ ಉಂಟು, ಆದ್ದರಿಂದ ಹೊಗೆಯೂ ಉಂಟು. ಕಿವಿಗೆ ಎರಡೂ ಒಂದೇ ತರ ಕೇಳುತ್ತವೆ. ಎರಡನೆಯದು ತಪ್ಪು. ಕಮ್ಮಾರನ ಕುಲುಮೆಯಿಂದ ಹೊರಗೆ ತೆಗೆದ ಕೆಂಪು ಕಬ್ಬಿಣದ ಗುಂಡು ನೋಡಿ. ಬೆಂಕಿ ಉಂಟು, ಹೊಗೆ ಇಲ್ಲ. ನಮ್ಮ ಬಚ್ಚಲೊಲೆಯನ್ನೇ ನೋಡಿ. ಬೇಸಿಗೆಯಲ್ಲಿ ಒಣಗಿದ ತೆಂಗಿನ ಗೆರಟೆ ಹಾಕಿದರೆ ಧಗಧಗ ಉರಿಯುತ್ತದೆ, ಹೊಗೆಯ ಸುದ್ದಿಯೇ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನೆನೆದ ತೆಂಗಿನ ಕೊತ್ತಳಿಗೆ ತುರುಕಿದರೆ ಹಂಡೆಯ ನೀರು ಬಿಸಿಯಾಗುವ ಮೊದಲು ಮನೆಯವರೆಲ್ಲ ಕೆಮ್ಮುತ್ತಾರೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಬೆಂಕಿಯ ಜೊತೆ ಒದ್ದೆ ಕಟ್ಟಿಗೆ ಸೇರಿದರೆ ಮಾತ್ರ ಹೊಗೆ. ಕಣ್ಣಿಗೆ ಬೀಳದೆ ಒಳಗೆ ಸೇರಿಕೊಂಡಿರುವ ಈ ಷರತ್ತಿಗೆ ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ಪಂಡಿತರು, 'ಉಪಾಧಿ' ಎಂದು ಹೆಸರಿಟ್ಟರು. 'ಆರ್ದ್ರೇಂಧನ ಸಂಯೋಗ' ಎಂದು ಅವರು ಗಂಭೀರವಾಗಿ ಹೇಳುವುದು ನಮ್ಮ ಒದ್ದೆ ಕಟ್ಟಿಗೆಯನ್ನೇ.

ಮೂರು ವರ್ಷದ ಬಿಎಯಲ್ಲಿ ನಾನು ಓದಿದ್ದರಲ್ಲಿ ಅರ್ಧಕ್ಕರ್ಧ ಮರೆತಿದ್ದೇನೆ. ಇದೊಂದು ಮರೆಯಲಿಲ್ಲ, ಯಾಕೆಂದರೆ ಇದರಿಂದ ಸಂಬಳ ತಿಂದೆ.

ತೊಂಬತ್ತರ ದಶಕದಲ್ಲಿ ಕಡಲ ಬದಿಯ ಒಂದು ಶಾಖೆಯಲ್ಲಿ ಸಾಲದ ಮೇಜು ನೋಡಿಕೊಳ್ಳುತ್ತಿದ್ದೆ. ಮೂವರು ಪಾಲುದಾರರು ಬಲೆ ಸುತ್ತುಗಟ್ಟಿ ಮೀನು ಹಿಡಿಯುವ ಪರ್ಸೀನ್ ಬೋಟಿಗೆ ಸಾಲ ಕೇಳಿಕೊಂಡು ಬಂದರು. ಪ್ರಾಜೆಕ್ಟ್ ರಿಪೋರ್ಟ್ ಅಂದವಾಗಿ ಟೈಪಾಗಿತ್ತು. ಪಕ್ಕದ ಮನೆಯವರ ಬೋಟಿನ ಮೂರು ವರ್ಷದ ದುಡಿಮೆ, ಡೀಸೆಲ್, ಐಸು, ಬಲೆ ರಿಪೇರಿ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು, ಎಲ್ಲ ಕಳೆದು ಲಾಭ. ಕೂಡಿಸಿ ಕಳೆದು ನೋಡಿದೆ, ಒಂದು ರೂಪಾಯಿ ತಪ್ಪಿಲ್ಲ. ಬಿಕಾಂ ಓದಿದ ನನ್ನ ಸಹೋದ್ಯೋಗಿಯೂ ನೋಡಿ ಸರಿಯಿದೆ ಎಂದು ಗುರುತು ಹಾಕಿದ್ದರು. ರಿಪೋರ್ಟಿನ ಒಟ್ಟು ವಾದ ಇಷ್ಟೇ: ಬೋಟು ಇದ್ದಲ್ಲಿ ಲಾಭ ಉಂಟು, ನಮಗೂ ಬೋಟು ಬಂದರೆ ಲಾಭ ಬರುತ್ತದೆ.

"ಈ ಮೂರು ವರ್ಷ ಬಲೆಗೆ ಬಿದ್ದದ್ದು ಎಂತ ಮೀನು?" ಎಂದು ಕೇಳಿದೆ.

"ಭೂತಾಯಿ ಸಾರ್."

"ಮತ್ತೆ?"

"ಹೆಚ್ಚು ಭೂತಾಯಿಯೇ. ಸ್ವಲ್ಪ ಬಂಗುಡೆ."

"ಭೂತಾಯಿ ಬಾರದ ವರ್ಷ ನೋಡಿದ್ದೀರಾ?"

ಇಬ್ಬರು ಯುವಕರು ಮುಖ ಮುಖ ನೋಡಿಕೊಂಡರು. ಅಲ್ಲಿಯವರೆಗೆ ಬಾಯಿ ಬಿಡದ ಮೂರನೆಯವರು, ಅವರ ಸೋದರಮಾವ, ಕುರ್ಚಿಯ ಅಂಚಿಗೆ ಬಂದು ಕೂತರು. "ನಾನು ನೋಡಿದ್ದೇನೆ ಮ್ಯಾನೇಜರ್ರೆ. ಭೂತಾಯಿಗೆ ಮನಸ್ಸು ಬಂದರೆ ದಡಕ್ಕೇ ಬರ್ತದೆ, ಬಾರದಿದ್ದರೆ ದೇವರು ಕರೆದರೂ ಬರುದಿಲ್ಲ."

ಅದೇ ಒದ್ದೆ ಕಟ್ಟಿಗೆ. ಬೋಟು ಬೆಂಕಿ, ಲಾಭ ಹೊಗೆ, ನಡುವೆ ಭೂತಾಯಿ. ಸಾಲ ಕೊಡುವುದಿಲ್ಲ ಎಂದು ನಾನು ಹೇಳಲಿಲ್ಲ. ಮೊತ್ತ ಸ್ವಲ್ಪ ಇಳಿಸಿದೆ, ಕಂತಿನ ಅವಧಿ ಉದ್ದ ಮಾಡಿದೆ, ಬೋಟು ಕಡಲಿಗೆ ಇಳಿಯದ ಮಳೆಗಾಲದಲ್ಲಿ ಕಂತೇ ಬೇಡ ಎಂದು ಬರೆದೆ. ಎರಡನೇ ವರ್ಷವೇ ಭೂತಾಯಿ ಕೈಕೊಟ್ಟಿತು. ಅವರ ಕಂತು ತಡವಾಯಿತು, ನಿಲ್ಲಲಿಲ್ಲ. ಆಮೇಲೆ ನಮ್ಮ ಶಾಖೆಯಲ್ಲಿ ಅದೊಂದು ಗಾದೆಯೇ ಆಯಿತು. ಯಾರದೇ ಫೈಲು ತುಂಬ ಚಂದ ಕಂಡರೆ ಹಳೆಯ ಕ್ಯಾಷಿಯರ್ ಒಬ್ಬರು ತಮ್ಮ ಕೌಂಟರಿನಿಂದಲೇ ಕೂಗುತ್ತಿದ್ದರು: "ಒದ್ದೆ ಕಟ್ಟಿಗೆ ಎಲ್ಲುಂಟು ಮಾರಾಯ್ರೆ?"

ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗಾಯಿತು, ಅದಕ್ಕೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗೋಡಂಬಿ ಕಾರ್ಖಾನೆ ಹಾಕಲು ಬಂದ ಒಬ್ಬರಿಗೆ ಇದೇ ರೀತಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಮೂರು ತಿಂಗಳು ಅಲೆದಾಡಿಸಿದೆ. ಅವರು ರೋಸಿಹೋಗಿ ಬೇರೆ ಬ್ಯಾಂಕಿನಲ್ಲಿ ಸಾಲ ಮಾಡಿದರು, ಐದು ವರ್ಷದಲ್ಲಿ ಎರಡನೇ ಕಾರ್ಖಾನೆ ಹಾಕಿದರು. ಎಲ್ಲ ಕಟ್ಟಿಗೆಯನ್ನೂ ಒದ್ದೆ ಎಂದು ಮುಟ್ಟಿ ಮುಟ್ಟಿ ನೋಡುವುದು ಕೂಡ ತತ್ವಶಾಸ್ತ್ರ ಓದಿದವರಿಗೆ ಅಂಟುವ ಒಂದು ಕಾಯಿಲೆ.

ಮತ್ತೆ, ಬ್ಯಾಲೆನ್ಸ್ ಶೀಟು ಓದಲು ತತ್ವಶಾಸ್ತ್ರ ನನಗೆ ಕಲಿಸಲಿಲ್ಲ. ಅದನ್ನು ಕಲಿಯಲು ಮದುವೆಯಾದ ಹೊಸತರಲ್ಲಿ ರಾತ್ರಿ ಕೂತು ಓದಿ, ಬ್ಯಾಂಕ್ ನೌಕರರು ಬರೆಯುವ ಸಿಎಐಐಬಿ ಪರೀಕ್ಷೆ ಕಟ್ಟಿದೆ. ಇನ್‌ಕ್ರಿಮೆಂಟ್ ಸಿಕ್ಕಿದ್ದು ಅದಕ್ಕೆ, ಬಡ್ತಿಗೆ ದಾರಿಯಾದದ್ದೂ ಅದೇ. ಒದ್ದೆ ಕಟ್ಟಿಗೆಗೆ ಬ್ಯಾಂಕಿನವರು ಒಂದು ಪೈಸೆ ಪ್ರತ್ಯೇಕ ಕೊಡಲಿಲ್ಲ. ಅದು ಉಪಯೋಗಕ್ಕೆ ಬಂದದ್ದು ಕುರ್ಚಿ ಸಿಕ್ಕಿದ ಮೇಲೆ. ಕುರ್ಚಿಯವರೆಗೆ ಕರೆದುಕೊಂಡು ಹೋಗಿದ್ದು ಬೇರೆಯೇ.

ಈಗ ಇದೇ ಅಳತೆಗೋಲು ಹಿಡಿದು, ತತ್ವಶಾಸ್ತ್ರದ ಪರವಾಗಿ ಎಲ್ಲರೂ ಹೇಳುವ ಕತೆಗಳನ್ನು ನೋಡೋಣ.

ಮೊದಲನೆಯದು ಬಹಳ ಹಳೆಯದು. ಕ್ರಿ.ಪೂ. ಆರನೇ ಶತಮಾನದ ಗ್ರೀಸಿನಲ್ಲಿ ಥೇಲೀಸ್ ಎಂಬ ತತ್ವಜ್ಞಾನಿ. ಬಡವ. ನಿನ್ನ ತತ್ವದಿಂದ ಏನು ಪ್ರಯೋಜನ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ನಮ್ಮ ಅಪ್ಪನ ಪ್ರಶ್ನೆಯೇ. ನಕ್ಷತ್ರ ನೋಡಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂದು ಅಂದಾಜು ಮಾಡಿದ ಥೇಲೀಸ್, ಚಳಿಗಾಲದಲ್ಲೇ ಮಿಲೇಟಸ್ ಮತ್ತು ಕಿಯಾಸ್‌ನ ಆಲಿವ್ ಎಣ್ಣೆಗಾಣಗಳಿಗೆಲ್ಲ ಸ್ವಲ್ಪ ಸ್ವಲ್ಪ ಮುಂಗಡ ಕೊಟ್ಟು ಬಾಡಿಗೆಗೆ ಹಿಡಿದುಕೊಂಡ. ಆ ಹೊತ್ತಿಗೆ ಗಾಣ ಕೇಳುವವರೇ ಇರಲಿಲ್ಲ, ಅಗ್ಗಕ್ಕೆ ಸಿಕ್ಕಿತು. ಸುಗ್ಗಿ ಬಂತು, ಎಲ್ಲರಿಗೂ ಒಟ್ಟಿಗೆ ಗಾಣ ಬೇಕಾಯಿತು, ಇವನು ಹೇಳಿದ್ದೇ ದರ. ಇವತ್ತಿನ ಷೇರುಪೇಟೆಯವರು ಇದನ್ನು ಮುಂಗಡ ಕೊಟ್ಟು ಹಕ್ಕು ಕಾದಿರಿಸುವ ಆಪ್ಷನ್ ವ್ಯಾಪಾರದ ಅಜ್ಜ ಎನ್ನುತ್ತಾರೆ. ತತ್ವಜ್ಞಾನಿ ಮನಸ್ಸು ಮಾಡಿದರೆ ದುಡ್ಡು ಮಾಡಬಲ್ಲ, ಅವನಿಗೆ ಅದರ ಮೇಲೆ ಆಸೆ ಇಲ್ಲ ಅಷ್ಟೇ, ಎಂದು ಈ ಕತೆ ಹೇಳುವವರು ಎದೆ ಉಬ್ಬಿಸುತ್ತಾರೆ. ಆದರೆ ಈ ಕತೆ ನಮಗೆ ಉಳಿಸಿಕೊಟ್ಟ ಅರಿಸ್ಟಾಟಲ್ ಎದೆ ಉಬ್ಬಿಸಲಿಲ್ಲ. ಇದು ತತ್ವಜ್ಞಾನದ ಮಹಿಮೆ ಎಂದು ಜನ ಹೇಳುತ್ತಾರೆ, ನಿಜವಾಗಿ ಇದು ಏಕಸ್ವಾಮ್ಯದ ಉಪಾಯ, ಯಾರು ಬೇಕಾದರೂ ಮಾಡಬಹುದು ಎಂದು ಅಲ್ಲೇ ಸೇರಿಸಿದ್ದಾನೆ. ಒದ್ದೆ ಕಟ್ಟಿಗೆಯನ್ನು ಅವನೂ ನೋಡಿದ್ದ.

ನಮ್ಮಲ್ಲಿ ಕೌಟಿಲ್ಯ ಇನ್ನೂ ಸ್ಪಷ್ಟ. ಅರ್ಥಶಾಸ್ತ್ರ ಬರೆದವನು, ದುಡ್ಡಿನ ವಿಷಯದಲ್ಲಿ ಅವನಿಗೆ ಪಾಠ ಹೇಳುವವರಿಲ್ಲ. ರಾಜಕುಮಾರ ಕಲಿಯಬೇಕಾದ ವಿದ್ಯೆ ನಾಲ್ಕು ಎನ್ನುತ್ತಾನೆ: ಆನ್ವೀಕ್ಷಿಕೀ, ತ್ರಯೀ ಅಂದರೆ ಮೂರು ವೇದ, ವಾರ್ತಾ, ದಂಡನೀತಿ ಅಂದರೆ ರಾಜ್ಯಾಡಳಿತ. ಆನ್ವೀಕ್ಷಿಕೀ ಎಂದರೆ ಸಾಂಖ್ಯ, ಯೋಗ, ಲೋಕಾಯತ, ಅಂದರೆ ತತ್ವಶಾಸ್ತ್ರ. ಅದು ಎಲ್ಲ ವಿದ್ಯೆಗಳ ದೀಪ ಎಂದು ಹೊಗಳುತ್ತಾನೆ. ತತ್ವಶಾಸ್ತ್ರದ ಸಭೆಗಳಲ್ಲಿ ಇಷ್ಟು ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಆದರೆ ಕೃಷಿ, ಪಶುಪಾಲನೆ, ವ್ಯಾಪಾರ ಮೂರನ್ನೂ ಅವನು ಬೇರೆಯೇ ಒಂದು ವಿದ್ಯೆಯಾಗಿ, ವಾರ್ತಾ ಎಂಬ ಹೆಸರಿನಲ್ಲಿ ಇಟ್ಟಿದ್ದಾನೆ. ದೀಪ ಅಡುಗೆಮನೆಯಲ್ಲಿ ಬೇಕು, ಅನ್ನ ಬೇಯುವುದು ಒಲೆಯಲ್ಲಿ. ದೀಪದ ಮೇಲೆ ಅಕ್ಕಿ ಇಟ್ಟು ಕಾದು ಕೂರಬೇಡಿ ಎಂದು ಕೌಟಿಲ್ಯ ಬಾಯಿ ಬಿಟ್ಟು ಹೇಳಿಲ್ಲ, ಪಟ್ಟಿ ಮಾಡಿದ ರೀತಿಯಲ್ಲೇ ಹೇಳಿದ್ದಾನೆ ಎಂದು ನನಗೆ ಅನಿಸುತ್ತದೆ.

ಇನ್ನು ಅಂಕಿಸಂಖ್ಯೆ. ಅಮೆರಿಕದ ಪೇಸ್ಕೇಲ್ ಎಂಬ ಸಂಬಳದ ಮಾಹಿತಿ ಕಂಪನಿ 2008ರಲ್ಲಿ ಒಂದು ಪಟ್ಟಿ ಕೊಟ್ಟಿತ್ತು. ಪದವಿಗೇ ಓದು ನಿಲ್ಲಿಸಿದವರ ಸಂಬಳ, ಕೆಲಸಕ್ಕೆ ಸೇರುವಾಗ ಎಷ್ಟು, ಹತ್ತು ವರ್ಷ ದಾಟಿದ ಮೇಲೆ ಎಷ್ಟು ಎಂದು. ನರ್ಸಿಂಗ್ ಓದಿದವರು ವರ್ಷಕ್ಕೆ 54,200 ಡಾಲರಿನಲ್ಲಿ ಶುರುಮಾಡಿ 67,000ಕ್ಕೆ ಬಂದಿದ್ದರು. ಅಕೌಂಟಿಂಗಿನವರು 46,000ದಿಂದ 77,100ಕ್ಕೆ. ತತ್ವಶಾಸ್ತ್ರದವರು ಶುರುಮಾಡಿದ್ದು 39,900ರಲ್ಲಿ, ಮೂವರಲ್ಲಿ ಎಲ್ಲರಿಗಿಂತ ಕೆಳಗೆ. ತಲುಪಿದ್ದು 81,200ಕ್ಕೆ, ಮೂವರಲ್ಲಿ ಎಲ್ಲರಿಗಿಂತ ಮೇಲೆ.

ಅದರ ಬೆನ್ನಿಗೆ ಇನ್ನೊಂದು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿದ ಪಟ್ಟಿ, 2023ರ ಲೆಕ್ಕ. ಹೊಸದಾಗಿ ಪದವಿ ಪಡೆದವರಲ್ಲಿ ನಿರುದ್ಯೋಗ ಕಂಪ್ಯೂಟರ್ ಸೈನ್ಸಿನವರಿಗೆ ಶೇ. 6.1, ಕಂಪ್ಯೂಟರ್ ಎಂಜಿನಿಯರಿಂಗಿನವರಿಗೆ ಶೇ. 7.5, ತತ್ವಶಾಸ್ತ್ರದವರಿಗೆ ಶೇ. 3.2. ಇದು ಬಂದ ದಿನ ನನ್ನ ವಾಟ್ಸಾಪಿಗೆ ಒಂದೇ ಸಂದೇಶವನ್ನು ನಾಲ್ಕು ಜನ ಕಳಿಸಿದರು. "ನೋಡಿ ಸಾರ್, ನಿಮ್ಮವರು ಗೆದ್ದರು" ಎಂದು.

ಒದ್ದೆ ಕಟ್ಟಿಗೆ ಎಲ್ಲುಂಟು ಮಾರಾಯ್ರೆ?

ಮೊದಲನೆಯದಾಗಿ, ಕೆಲಸ ಇದೆ ಎನ್ನುವುದು ಬೇರೆ, ಡಿಗ್ರಿಗೆ ತಕ್ಕ ಕೆಲಸ ಇದೆ ಎನ್ನುವುದು ಬೇರೆ. ಅದೇ ನ್ಯೂಯಾರ್ಕಿನ ಪಟ್ಟಿಯ ಪಕ್ಕದ ಕಾಲಮ್ಮಿನಲ್ಲಿ, ಡಿಗ್ರಿಯೇ ಬೇಡದ ಕೆಲಸದಲ್ಲಿ ಇರುವವರ ಲೆಕ್ಕ ಇದೆ. ಅಲ್ಲಿ ತತ್ವಶಾಸ್ತ್ರದವರು ಕಂಪ್ಯೂಟರಿನವರಿಗಿಂತ ಬಹಳ ಹೆಚ್ಚು. ಎಂಜಿನಿಯರು ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ, ಪಟ್ಟಿಯಲ್ಲಿ ನಿರುದ್ಯೋಗಿ. ತತ್ವಶಾಸ್ತ್ರದವನು ಸಿಕ್ಕಿದ್ದಕ್ಕೆ ಸೇರುತ್ತಾನೆ, ಪಟ್ಟಿಯಲ್ಲಿ ಉದ್ಯೋಗಿ. ವಾಟ್ಸಾಪಿನ ಸಂದೇಶದಲ್ಲಿ ಈ ಕಾಲಮ್ಮು ಇರಲಿಲ್ಲ.

ಎರಡನೆಯದು ಹೆಚ್ಚು ಕಠಿಣ. ಅಮೆರಿಕದಲ್ಲಿ ತತ್ವಶಾಸ್ತ್ರ ಆರಿಸಿಕೊಳ್ಳುವ ಹುಡುಗ ಹುಡುಗಿಯರು ಯಾರು? ಓದಿನಲ್ಲಿ ಮೊದಲೇ ಚುರುಕು ಇದ್ದವರು, ಮನೆಯಲ್ಲಿ ಅವಸರ ಇಲ್ಲದವರು ಇರಬಹುದಲ್ಲ? ಸಂಬಳ ಕೊಟ್ಟದ್ದು ಡಿಗ್ರಿಯೋ ಮನೆತನವೋ? ಜಿಆರ್‌ಇ ಎಂಬ, ಅಮೆರಿಕದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಪರೀಕ್ಷೆಯಲ್ಲಿ ಭಾಷೆ ಮತ್ತು ಬರವಣಿಗೆಯ ಭಾಗಗಳಲ್ಲಿ ತತ್ವಶಾಸ್ತ್ರದವರು ವರ್ಷವರ್ಷವೂ ಮೇಲಿನ ಸಾಲಿನಲ್ಲಿ ಇರುತ್ತಾರೆ, ಆದರೆ ಅದಕ್ಕೂ ಇದೇ ಪ್ರಶ್ನೆ. ಇಲ್ಲಿ ಮಾತ್ರ ನನಗೆ ಸ್ವಲ್ಪ ಸಮಾಧಾನ ಕೊಟ್ಟ ಒಂದು ಅಧ್ಯಯನ 2025ರಲ್ಲಿ ಬಂತು. ಆರು ಲಕ್ಷಕ್ಕೂ ಹೆಚ್ಚು ಅಮೆರಿಕನ್ ವಿದ್ಯಾರ್ಥಿಗಳ ಮಾಹಿತಿ ಹಿಡಿದು, ಕಾಲೇಜಿಗೆ ಸೇರುವಾಗ ಇದ್ದ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ತತ್ವಶಾಸ್ತ್ರ ಓದಿದವರು ಯೋಚನೆಯ ಅಳತೆಗಳಲ್ಲಿ ಮುಂದೆ ಇದ್ದರು ಎಂದು ತೋರಿಸಿದ್ದಾರೆ. ಅಂದರೆ ಕಟ್ಟಿಗೆ ಪೂರ್ತಿ ಒದ್ದೆಯಲ್ಲ, ಬೆಂಕಿಗೂ ಸ್ವಲ್ಪ ಪಾಲು ಉಂಟು. ಆದರೆ ಅವರು ಅಳೆದದ್ದು ಯೋಚನೆಯನ್ನು, ಪಗಾರವನ್ನಲ್ಲ.

ಶ್ರೀಮಂತರ ಪಟ್ಟಿಯನ್ನು ಬೇಗ ದಾಟಿಬಿಡುತ್ತೇನೆ. ಲಿಂಕ್ಡ್‌ಇನ್ ಕಟ್ಟಿದವರಲ್ಲಿ ಒಬ್ಬರಾದ ರೀಡ್ ಹಾಫ್‌ಮನ್ ಆಕ್ಸ್‌ಫರ್ಡಿನಲ್ಲಿ ತತ್ವಶಾಸ್ತ್ರ ಓದಿದವರು. ಕಚೇರಿಗಳ ಸಂದೇಶದ ಆ್ಯಪ್ ಸ್ಲ್ಯಾಕ್ ಕಟ್ಟಿದ ಸ್ಟುವರ್ಟ್ ಬಟರ್‌ಫೀಲ್ಡ್ ತತ್ವಶಾಸ್ತ್ರದಲ್ಲಿ ಎರಡು ಪದವಿ ಪಡೆದವರು. ದೊಡ್ಡ ಹೂಡಿಕೆದಾರರಾದ ಪೀಟರ್ ಥೀಲ್, ಕಾರ್ಲ್ ಐಕಾನ್ ಕೂಡ ಅದನ್ನೇ ಓದಿದವರು. ಹೌದು. ಉಡುಪಿಯಿಂದ ಹೊರಟು ಹೋಟೆಲ್ ಇಟ್ಟು ಕೋಟಿ ಮಾಡಿದವರಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು ಎಷ್ಟು ಜನ ಇಲ್ಲ? ಅದಕ್ಕೆಂದು ಮಕ್ಕಳನ್ನು ಎಂಟನೇ ಕ್ಲಾಸಿಗೆ ಶಾಲೆ ಬಿಡಿಸುತ್ತೀರಾ?

ಈಗ ನಮ್ಮ ಊರಿಗೆ ಬರೋಣ. ತತ್ವಶಾಸ್ತ್ರವನ್ನು ಎಂಎವರೆಗೆ ಓದಿದರೆ ಇಲ್ಲಿ ತೆರೆಯುವ ಮೊದಲ ಬಾಗಿಲು ಪಾಠ ಮಾಡುವುದು. ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ ಈಗಿನ ಶ್ರೇಣಿಯಲ್ಲಿ ಮೂಲವೇತನ 57,700ರಿಂದ ಶುರು. ಕೇಳಲು ಚೆಂದ. ಈ ಎರಡು ಸಂಖ್ಯೆಗಳ ನಡುವೆ 'ಅತಿಥಿ ಉಪನ್ಯಾಸಕ' ಎಂಬ ಒಂದು ಉದ್ದದ ಸುರಂಗ ಉಂಟು. ಒಳಗೆ ಹೋದವರು ಎಷ್ಟು ವರ್ಷಕ್ಕೆ ಹೊರಗೆ ಬರುತ್ತಾರೆ ಎಂದು ನಿಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲೇ ಕೇಳಿ. ಈಗ ನಗುತ್ತಿರುವವರು ಅವರೇ ಇರಬೇಕು. ತತ್ವಶಾಸ್ತ್ರದಲ್ಲಿ ಸುರಂಗ ಇನ್ನೂ ಇಕ್ಕಟ್ಟು, ಯಾಕೆಂದರೆ ಆ ವಿಭಾಗ ಇರುವ ಕಾಲೇಜುಗಳೇ ಕಡಿಮೆ.

ಎರಡನೇ ಬಾಗಿಲು ಐಎಎಸ್. ತತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ 500 ಅಂಕ. 2013ರಿಂದ ಎಲ್ಲರಿಗೂ ಕಡ್ಡಾಯವಾದ ನೀತಿಶಾಸ್ತ್ರದ ಪತ್ರಿಕೆಗೆ 250. ಪ್ರಬಂಧಕ್ಕೆ ಇನ್ನೊಂದು 250. ಸಂದರ್ಶನವೂ ಸೇರಿ ಒಟ್ಟು 2025 ಅಂಕಗಳಲ್ಲಿ ಸಾವಿರದಷ್ಟು ಕಡೆ ಈ ಓದು ಕೈಹಿಡಿಯುತ್ತದೆ, ಸುಳ್ಳಲ್ಲ. ಆದರೆ ಬರೆಯುವವರು ಲಕ್ಷಗಟ್ಟಲೆ, ಹುದ್ದೆ ಸಾವಿರದ ಆಸುಪಾಸು. ದೆಹಲಿಯಲ್ಲಿ ರೂಮು ಮಾಡಿಕೊಂಡು ಮೂರು ನಾಲ್ಕು ವರ್ಷ ಕೂರಲು ಅಪ್ಪನ ದುಡ್ಡು ಬೇಕು. ಒದ್ದೆ ಕಟ್ಟಿಗೆ ಎಂದು ನಾನು ಮತ್ತೆ ಹೇಳುವುದು ಬೇಡ, ನೀವೇ ಹೇಳುತ್ತಿದ್ದೀರಿ.

ಮೂರನೆಯದು ವಕೀಲಿಕೆ. ಡಿಗ್ರಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ನನ್ನ ಅನುಭವದಲ್ಲಿ ಜೋಡಿ ಚೆನ್ನಾಗಿ ಕೂಡುವುದು ಇಲ್ಲಿ. ನಮ್ಮ ಊರಿನಲ್ಲಿ ತಾಳಮದ್ದಳೆ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ ಎಂದು. ಮಾತಿನಲ್ಲೇ ಪಾತ್ರ ಕಟ್ಟುವ ಒಳ್ಳೆಯ ಅರ್ಥಧಾರಿ ವಾಲಿಯಾದರೆ ರಾಮ ಸೋತೇ ಹೋದ ಎಂದು ಸಭೆಗೆ ಅನಿಸಬೇಕು. ಆಮೇಲೆ ರಾಮ ಎದ್ದು ಉತ್ತರ ಹೇಳಬೇಕು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಮುರಿಯುವುದು. ಮಠದ ವಾಕ್ಯಾರ್ಥ ಗೋಷ್ಠಿಯಲ್ಲಿ ಇದಕ್ಕೆ ಪೂರ್ವಪಕ್ಷ, ಸಿದ್ಧಾಂತ ಎನ್ನುತ್ತಾರೆ. ಹದಿಮೂರನೇ ಶತಮಾನದಲ್ಲಿ ಇದೇ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಿಂದ ಹಿಡಿದು ಇಲ್ಲಿಯವರೆಗೆ ಈ ಊರಿನವರಿಗೆ ಅದು ರಕ್ತದಲ್ಲೇ ಇದೆ, ಬಸ್ಸಿನ ಕಂಡಕ್ಟರ್ ಹತ್ತಿರ ಚಿಲ್ಲರೆಗೆ ವಾದ ಮಾಡುವಾಗಲೂ ಕಾಣುತ್ತದೆ. ಕೋರ್ಟಿನಲ್ಲಿ ಇದಕ್ಕೆ ಫೀಸು ಸಿಗುತ್ತದೆ. ಆದರೆ ಅಲ್ಲೂ ಮೊದಲ ಕೆಲವು ವರ್ಷ ಹಿರಿಯರ ಫೈಲು ಹೊರಬೇಕು. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸು, ಕಡ್ಡಾಯ ಅಲ್ಲ.

ಒಂದು ತಮಾಷೆಯ ಬಾಗಿಲೂ ಉಂಟು. ಮನುಷ್ಯರ ಮೇಲೆ ಹೊಸ ಔಷಧ ಪ್ರಯೋಗ ಮಾಡಬೇಕಾದರೆ ಆಸ್ಪತ್ರೆಗಳು ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಕನಿಷ್ಠ ಏಳು ಜನರ ಆ ಸಮಿತಿಯಲ್ಲಿ ಸಮಾಜವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯವರು, ತತ್ವಜ್ಞಾನಿ, ಇಂಥವರಲ್ಲಿ ಒಬ್ಬರು ಕೂರಬೇಕು. ಸರ್ಕಾರದ ನಿಯಮದಲ್ಲಿ ತತ್ವಜ್ಞಾನಿಗೆ ಕುರ್ಚಿ ಹಾಕಿರುವ ಜಾಗ ನನಗೆ ಗೊತ್ತಿದ್ದಂತೆ ಇದೊಂದೇ. ಆಸ್ಪತ್ರೆಗಳಿಗೆ ಬರಗಾಲವಿಲ್ಲದ ಮಣಿಪಾಲ, ಮಂಗಳೂರಿನಲ್ಲಿ ಇದು ನೆನಪಿರಲಿ. ಆದರೆ ಅದು ನೌಕರಿಯಲ್ಲ, ಮೀಟಿಂಗ್ ಇದ್ದ ದಿನ ಹೋಗಿ ಕೂರುವ ಕೆಲಸ.

ಎಲ್ಲ ಬಾಗಿಲಲ್ಲೂ ಒಂದೇ ಮಾತು ಬಂತು, ಗಮನಿಸಿದಿರಾ? ಮೊದಲ ಕೆಲವು ವರ್ಷ. ಅಮೆರಿಕದ ಪಟ್ಟಿಯಲ್ಲಿ ಕೂಡ ತತ್ವಶಾಸ್ತ್ರದವರು ತಳದಿಂದ ಶುರುಮಾಡಿ ಹತ್ತು ವರ್ಷಕ್ಕೆ ಮೇಲೆ ಬಂದವರು. ಅಡಿಕೆ ತೋಟ ಮಾಡಿದವರಿಗೆ ಇದು ಹೊಸತಲ್ಲ. ಸಸಿ ನೆಟ್ಟ ಮೇಲೆ ಐದಾರು ವರ್ಷ ಅಡಿಕೆ ಇಲ್ಲ. ಆ ವರ್ಷಗಳಲ್ಲಿ ಮನೆ ನಡೆಸುವುದು ನಡುವೆ ಹಾಕಿದ ಬಾಳೆ. ಬಾಳೆ ಸಸಿಗೆ ನೆರಳು ಕೊಡುತ್ತದೆ, ಗೊನೆ ಮಾರಿದರೆ ಅಂಗಡಿ ಸಾಲ ತೀರುತ್ತದೆ. ಬಾಳೆ ಹಾಕದೆ ಬರೀ ಅಡಿಕೆ ಸಸಿ ನೆಟ್ಟು ಆಕಾಶ ನೋಡುತ್ತ ಕೂತವನನ್ನು ನಮ್ಮ ಊರಿನಲ್ಲಿ ಕೃಷಿಕ ಎನ್ನುವುದಿಲ್ಲ.

ನಿಮ್ಮ ಬಾಳೆ ಯಾವುದು? ನನಗೆ ಸಿಎಐಐಬಿ. ನಿಮಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಆಗಬಹುದು, ಬಿಎಡ್ ಆಗಬಹುದು, ಕನ್ನಡ ಇಂಗ್ಲಿಷ್ ಎರಡರಲ್ಲೂ ತಪ್ಪಿಲ್ಲದೆ ಬರೆಯುವ ಕೈ ಆಗಬಹುದು. ಕೊನೆಯದನ್ನು ಹಗುರ ಮಾಡಬೇಡಿ. ನಾನು ನಿವೃತ್ತನಾದ ಮೇಲೆ ಪರಿಚಯದ ಒಂದು ಕಚೇರಿಗೆ ಪತ್ರ ತಿದ್ದಿಕೊಡಲು ಹೋಗುತ್ತೇನೆ. ಅಲ್ಲಿ ಒಂದು ಪುಟದ ದೂರಿಗೆ ಅರ್ಧ ಪುಟದಲ್ಲಿ ಉತ್ತರ ಬರೆಯಬಲ್ಲವರು, ಡಿಗ್ರಿ ಇದ್ದವರ ನಡುವೆಯೂ, ಇಬ್ಬರು ಸಿಕ್ಕಿದರೆ ದೊಡ್ಡದು. ಬಾಳೆ ಯಾವುದಾದರೂ ಇರಲಿ, ಸಸಿ ನೆಟ್ಟ ವರ್ಷವೇ ಹಾಕಬೇಕು. ಫೈನಲ್ ಇಯರ್ ಮುಗಿದ ಮೇಲೆ ಅಲ್ಲ.

ಕಾಯುವ ಶಕ್ತಿ ಎಲ್ಲ ಮನೆಗೂ ಒಂದೇ ಅಲ್ಲ, ಅದನ್ನು ಮರೆತು ಭಾಷಣ ಮಾಡುವುದು ಪಾಪ. ರಾಧಾಕೃಷ್ಣನ್ ಅವರು ತತ್ವಶಾಸ್ತ್ರ ಆರಿಸಿಕೊಂಡದ್ದು ಮೋಹದಿಂದಲ್ಲ. ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ ಸಂಬಂಧಿಕರೊಬ್ಬರು ತಮ್ಮ ತತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟರು, ಪುಸ್ತಕದ ಖರ್ಚು ಉಳಿಯಿತು, ವಿಷಯ ನಿರ್ಧಾರವಾಯಿತು. 1918ರಲ್ಲಿ ಮೈಸೂರಿಗೆ ಪ್ರೊಫೆಸರಾಗಿ ಬಂದರು, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ಸ್ಟೇಷನ್ನಿಗೆ ಬಿಟ್ಟರು. ಸಾರೋಟಿನ ಕತೆ ಎಲ್ಲರಿಗೂ ಗೊತ್ತು. ಪುಸ್ತಕ ಕೊಂಡುಕೊಳ್ಳಲು ಆಗದ ಕತೆ ಹೇಳುವವರು ಕಡಿಮೆ. ಇನ್ನೊಂದು ನಮ್ಮ ಊರಿನದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬಡವರಲ್ಲಿ ಉಳಿತಾಯ ಇಲ್ಲ ಎಂದು ಬೇರೆ ಬ್ಯಾಂಕಿನವರು ಕೂತಿದ್ದಾಗ, ಉಳಿತಾಯ ಇಲ್ಲದ್ದಲ್ಲ, ಸಣ್ಣ ಉಳಿತಾಯವನ್ನು ತೆಗೆದುಕೊಳ್ಳುವವರಿಲ್ಲ ಎಂದು ಇವರಿಗೆ ಕಂಡಿತು. ತತ್ವಶಾಸ್ತ್ರದ ವಿಭಾಗ ಉಳಿಯಬೇಕು ಎನ್ನುವ ಕಾಲೇಜಿಗೆ ನನ್ನ ಸಲಹೆ ಅದೇ. ತತ್ವದ ಮಹಿಮೆ ಹಾಡುವುದು ಸಾಕು, ಆ ಐದು ವರ್ಷಕ್ಕೆ ಏನಾದರೂ ಪಿಗ್ಮಿ ಯೋಚಿಸಿ. ಸಂಜೆಯ ಟ್ಯಾಲಿ ಕ್ಲಾಸು ಪುಕ್ಕಟೆ ಮಾಡಿ. ವಕೀಲರ ಕಚೇರಿಗೆ, ಸೊಸೈಟಿಗೆ ವಾರಕ್ಕೆ ಎರಡು ದಿನ ಕಳಿಸಿ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಹಿರಿಯಡಕದಿಂದ ಬಂದ ತಾಯಿಯೊಬ್ಬರು ಎದ್ದರು. ಮಗಳು ಬಿಎ ಎರಡನೇ ವರ್ಷ, ಪಕ್ಕದಲ್ಲೇ ಕೂತಿದ್ದಳು. "ಸಾರ್, ಅವಳ ಅಕ್ಕ ನರ್ಸಿಂಗ್ ಮಾಡಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇವಳು ಎಂಎಗೆ ತತ್ವಶಾಸ್ತ್ರ ಅಂತಾಳೆ. ನೀವು ಐದು ವರ್ಷ ಅಂದ್ರಿ. ಮನೆಗೆ ಮಾಡು ಹೊದಿಸ್ಲಿಕ್ಕುಂಟು" ಎಂದರು. ಹಾಗಾದರೆ ಮೊದಲು ಬಾಳೆ ಎಂದೆ. ಎರಡು ವರ್ಷ ದುಡಿದು ಆಮೇಲೆ ಎಂಎ ಮಾಡಬಹುದು, ನನ್ನ ಹಾಗೆ ಕೆಲಸದ ಜೊತೆಗೇ ಓದಬಹುದು, ನಾನೇ ಉದಾಹರಣೆ ಅಲ್ಲವೇ ಎಂದೂ ಸೇರಿಸಿದೆ. ಆಗ ಮಗಳು ಕೈ ಎತ್ತಿದಳು.)

"ಸಾರ್, ನೀವು ಬ್ಯಾಂಕಿಗೆ ಸೇರಿದ್ದು 1981 ಅಂದ್ರಿ. 1969ರಲ್ಲಿ 14 ಬ್ಯಾಂಕ್, 1980ರಲ್ಲಿ ಇನ್ನೂ 6 ಬ್ಯಾಂಕ್ ರಾಷ್ಟ್ರೀಕರಣ ಆಗಿತ್ತು. ಆಗ ಊರೂರಿಗೆ ಶಾಖೆ ತೆರೀತಿದ್ರು, ಜನ ಬೇಕಿತ್ತು. ಯಾವ ಬಿಎ ಮಾಡಿದವರಿಗೂ ಸಿಗ್ತಿತ್ತಲ್ಲ? ನಿಮ್ಮ ಕತೆಯಲ್ಲಿ ಒದ್ದೆ ಕಟ್ಟಿಗೆ ಅದೇ ಅಲ್ವಾ?"

(ಸಭೆ ಚಪ್ಪಾಳೆ ತಟ್ಟಿತು. ಹೌದು ಎಂದೆ, ಮೂವತ್ತೇಳು ವರ್ಷದಲ್ಲಿ ನನ್ನ ಫೈಲನ್ನು ನಾನು ಹಾಗೆ ನೋಡಿರಲಿಲ್ಲ. ತಾಯಿ ನನ್ನ ಕಡೆ ನೋಡಿ, "ಮನೆಯಲ್ಲೂ ಹೀಗೇ ಸಾರ್, ಒಂದು ಮಾತು ಬಿಡುದಿಲ್ಲ" ಎಂದು ಮಗಳ ಸೆರಗು ಹಿಡಿದು ಕೂರಿಸಿದರು. ವಂದನಾರ್ಪಣೆ ಮುಗಿದು ಚಹಾಕ್ಕೆ ಹೋದಾಗ ಆ ಹುಡುಗಿ ಪ್ರಿನ್ಸಿಪಾಲರ ಹತ್ತಿರ ಟ್ಯಾಲಿ ಕ್ಲಾಸು ಯಾವಾಗ ಶುರು ಎಂದು ಕೇಳುತ್ತಿದ್ದಳು.)